ಬುಕ್‌ಮಾರ್ಕ್ ಕಾಣುತ್ತಿಲ್ಲವೇ? ಬ್ರೌಸರ್ ಮುಚ್ಚುವ ಮೊದಲು ಇದನ್ನು ಓದಿ

ಅಡ್ರೆಸ್ ಬಾರ್ ಕೆಳಗೆ ಸಾಲಾಗಿ ಇರುತ್ತಿದ್ದ ಬುಕ್‌ಮಾರ್ಕ್‌ಗಳು ಒಂದು ದಿನ ಇದ್ದಕ್ಕಿದ್ದಂತೆ ಇಲ್ಲ. ಆಗ ಗಾಬರಿಯಲ್ಲಿ ಏನು ಮಾಡುತ್ತೇವೆ? ಬ್ರೌಸರ್ ಮುಚ್ಚಿ ತೆರೆಯುತ್ತೇವೆ. ಆಗಲಿಲ್ಲವೆಂದರೆ ಕಿತ್ತು ಹಾಕಿ ಮತ್ತೆ ಇನ್‌ಸ್ಟಾಲ್ ಮಾಡುತ್ತೇವೆ. ಎರಡೂ ಬೇಡ. ವಾಪಸ್ ತರಬಹುದಾಗಿದ್ದ ಹಳೆಯ ಪ್ರತಿ ಈ ಗಡಿಬಿಡಿಯಲ್ಲೇ ಕೈತಪ್ಪಿ ಹೋಗಬಹುದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸುಲಭದ್ದು ನೋಡೋಣ. ಕಂಟ್ರೋಲ್, ಶಿಫ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿ (ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್). ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಬುಕ್‌ಮಾರ್ಕ್ ಬಾರ್ ತೋರಿಸುವುದು, ಅಡಗಿಸುವುದು ಇದೇ ಕೀಲಿಗಳಿಂದ. ಏನೋ ಟೈಪ್ ಮಾಡುವಾಗ ಬೆರಳು ತಗುಲಿ ಬಾರ್ ಮಾಯವಾಗಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು.

ಬಾರ್ ಬಂತು, ಆದರೆ ಖಾಲಿ. ಹಾಗಾದರೆ ಮೇಲಿನ ಮೂಲೆಯಲ್ಲಿರುವ ದುಂಡು ಚಿತ್ರ ನೋಡಿ. ಅದು ನಿಮ್ಮದೇನಾ? ಒಂದೇ ಬ್ರೌಸರ್‌ನಲ್ಲಿ ಆಫೀಸಿಗೊಂದು, ಮನೆಗೊಂದು ಪ್ರೊಫೈಲ್ ಇದ್ದರೆ ಎರಡರ ಬುಕ್‌ಮಾರ್ಕ್‌ಗಳೂ ಬೇರೆ ಬೇರೆ. ಮೇಲ್‌ನ ಲಿಂಕ್ ಒತ್ತಿದಾಗ ಬೇರೆ ಪ್ರೊಫೈಲ್ ತೆರೆದುಕೊಂಡು ದಿಗಿಲು ಹುಟ್ಟಿಸುವುದುಂಟು. ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ತಿರುವಿದೆ. 2019ರಲ್ಲಿ ಬಂದ 67ನೇ ಆವೃತ್ತಿಯಿಂದ ಪ್ರತಿ ಇನ್‌ಸ್ಟಾಲೇಶನ್‌ಗೂ ಅದರದೇ ಪ್ರೊಫೈಲ್. ಇನ್ನೊಂದು ಜಾಗದಲ್ಲಿ ಹೊಸದಾಗಿ ಹಾಕಿಕೊಂಡರೆ ಅದು ಖಾಲಿಯಾಗಿಯೇ ತೆರೆಯಬಹುದು. ಹಳೆಯದು ಪಕ್ಕದಲ್ಲೇ ಇರುತ್ತದೆ. ಅಡ್ರೆಸ್ ಬಾರ್‌ನಲ್ಲಿ ‘ಅಬೌಟ್:ಪ್ರೊಫೈಲ್ಸ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಎಲ್ಲವೂ ಕಾಣುತ್ತವೆ.

ಈಗಷ್ಟೇ ಕೈತಪ್ಪಿ ಅಳಿಸಿದ್ದೀರಾ? ಕಂಟ್ರೋಲ್, ಶಿಫ್ಟ್, ಓ ಒತ್ತಿ ಬುಕ್‌ಮಾರ್ಕ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಕಂಟ್ರೋಲ್ ಝಡ್ ಒತ್ತಿ. ವರ್ಡ್ ಫೈಲಿನಲ್ಲಿ ಕೆಲಸ ಮಾಡುವ ಹಾಗೆಯೇ ಇಲ್ಲೂ ಮಾಡುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇನ್ನು ಸಿಂಕ್ ವಿಷಯ, ಅಂದರೆ ಒಂದೇ ಖಾತೆ ಇರುವ ಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಬುಕ್‌ಮಾರ್ಕ್‌ಗಳನ್ನು ಒಂದೇ ಥರ ಇಡುವ ಸೌಲಭ್ಯ. ಸಿಂಕ್ ಇದೆಯಲ್ಲ, ಎಲ್ಲ ಭದ್ರ ಎಂದು ನಾನೂ ನಂಬಿದ್ದೆ. ಒಮ್ಮೆ ಫೋನಿನಲ್ಲಿ ಜಾಗ ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಒಂದು ಫೋಲ್ಡರ್ ಅಳಿಸಿದೆ. ಲ್ಯಾಪ್‌ಟಾಪ್ ತೆರೆದರೆ ಅಲ್ಲೂ ಇಲ್ಲ! ಸಿಂಕ್ ಎಂದರೆ ಬ್ಯಾಕಪ್ ಅಲ್ಲ, ಕನ್ನಡಿ. ಸೇರಿಸಿದ್ದನ್ನು ಹೇಗೆ ಎಲ್ಲ ಕಡೆ ತೋರಿಸುತ್ತದೋ ಅಳಿಸಿದ್ದನ್ನೂ ಹಾಗೆಯೇ ತೋರಿಸುತ್ತದೆ. ಅದೇ ಖಾತೆ ಇರುವ ಇನ್ನೊಂದು ಕಂಪ್ಯೂಟರ್ ಮುಚ್ಚಿಟ್ಟಿದ್ದರೆ ನಿಮ್ಮ ಅದೃಷ್ಟ. ಅದಕ್ಕೆ ಇಂಟರ್‌ನೆಟ್ ಸಿಗದಂತೆ ರೌಟರ್ ಆಫ್ ಮಾಡಿ, ಆಮೇಲೆ ತೆರೆಯಿರಿ. ಹಳೆಯ ಬುಕ್‌ಮಾರ್ಕ್‌ಗಳು ಅಲ್ಲಿನ್ನೂ ಇರುತ್ತವೆ. ಮ್ಯಾನೇಜರ್‌ಗೆ ಹೋಗಿ ಎಕ್ಸ್‌ಪೋರ್ಟ್ ಮಾಡಿಕೊಂಡು (ಎಲ್ಲವನ್ನೂ ಒಂದು ಫೈಲಾಗಿ ಉಳಿಸಿಕೊಂಡು), ಆಮೇಲೆ ನೆಟ್ ಕೊಡಿ.

ಇಷ್ಟಾದರೂ ಸಿಗಲಿಲ್ಲವೆಂದರೆ ಬ್ರೌಸರ್ ತಾನೇ ಇಟ್ಟುಕೊಂಡ ಪ್ರತಿಗೆ ಕೈ ಹಾಕಬೇಕು. ಇಲ್ಲಿ ಫೈರ್‌ಫಾಕ್ಸ್ ನಿಜಕ್ಕೂ ಮೆಚ್ಚುವ ಹಾಗಿದೆ. ತಾನಾಗಿಯೇ ಆಗಾಗ ಬ್ಯಾಕಪ್ ತೆಗೆದು 15ರವರೆಗೆ ಇಟ್ಟುಕೊಳ್ಳುತ್ತದೆ. ಮ್ಯಾನೇಜರ್‌ನಲ್ಲಿ ‘ಇಂಪೋರ್ಟ್ ಅಂಡ್ ಬ್ಯಾಕಪ್’, ಅದರೊಳಗೆ ‘ರಿಸ್ಟೋರ್’. ತಾರೀಖುಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿ. ಆದರೆ ಈಗ ಇರುವುದೆಲ್ಲ ಹೋಗಿ ಅದರ ಜಾಗಕ್ಕೆ ಹಳೆಯದು ಬರುತ್ತದೆ. ಹೊಸದಾಗಿ ಸೇರಿಸಿದ್ದೇನಾದರೂ ಇದ್ದರೆ ಮೊದಲೇ ಎಕ್ಸ್‌ಪೋರ್ಟ್ ಮಾಡಿಡಿ.

ಕ್ರೋಮ್ ಅಷ್ಟು ಉದಾರಿ ಅಲ್ಲ. ಅದರ ಬಳಿ ಇರುವುದು ಒಂದೇ ಹಳೆಯ ಪ್ರತಿ. ಪ್ರೊಫೈಲ್ ಫೋಲ್ಡರ್‌ನಲ್ಲಿ ‘ಬುಕ್‌ಮಾರ್ಕ್ಸ್’ ಎಂಬ ಫೈಲ್, ಪಕ್ಕದಲ್ಲೇ ಕೊನೆಗೆ ‘ಡಾಟ್ ಬ್ಯಾಕ್’ (.bak) ಎಂದಿರುವ ಇನ್ನೊಂದು. ಬ್ರೌಸರ್ ಹೊಸದಾಗಿ ತೆರೆದು ಬುಕ್‌ಮಾರ್ಕ್‌ಗಳಲ್ಲಿ ಏನಾದರೂ ಬದಲಾದರೆ ಆಗ ಇರುವ ಫೈಲೇ ‘ಬ್ಯಾಕ್’ ಆಗಿ ಕೂರುತ್ತದೆ. ಅಂದರೆ ನಾಲ್ಕು ಸಲ ಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ ಪಟ್ಟಿಯೇ ಬ್ಯಾಕಪ್ ಆಗಿರಬಹುದು. ಮೊದಲೇ ಬೇಡ ಎಂದಿದ್ದು ಇದಕ್ಕೇ.

ಹೀಗೆ ಮಾಡಿ. ಅಡ್ರೆಸ್ ಬಾರ್‌ನಲ್ಲಿ ‘ಕ್ರೋಮ್://ವರ್ಷನ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ‘ಪ್ರೊಫೈಲ್ ಪಾತ್’ ಎಂಬ ಸಾಲಿನಲ್ಲಿರುವ ಫೋಲ್ಡರ್ ತೆರೆದು ಎರಡೂ ಫೈಲನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ. ಕ್ರೋಮ್ ಇನ್ನೂ ತೆರೆದಿರುವಾಗಲೇ ಇದನ್ನು ಮಾಡಿಬಿಡಿ. ಆಮೇಲೆ ಸಿಂಕ್ ಆಫ್ ಮಾಡಿ. ಈ ಕಂಪ್ಯೂಟರಿನ ಮಾಹಿತಿ ಅಳಿಸಲೇ ಎಂದು ಕೇಳಿದರೆ ಬೇಡ ಅನ್ನಿ. ಈಗ ಕ್ರೋಮ್‌ನ ಎಲ್ಲ ಕಿಟಕಿ ಮುಚ್ಚಿ. ಫೋಲ್ಡರ್‌ನಲ್ಲಿರುವ ‘ಬುಕ್‌ಮಾರ್ಕ್ಸ್’ ಫೈಲಿಗೆ ಬೇರೆ ಹೆಸರು ಕೊಡಿ. ಡೆಸ್ಕ್‌ಟಾಪ್‌ನಲ್ಲಿರುವ ‘ಬ್ಯಾಕ್’ ಪ್ರತಿಯ ಹೆಸರಿನಿಂದ ಆ ಬಾಲ ತೆಗೆದು ಫೋಲ್ಡರ್‌ಗೆ ಹಾಕಿ. ಕ್ರೋಮ್ ತೆರೆಯಿರಿ.

ಬುಕ್‌ಮಾರ್ಕ್ ಇದೆ, ಒತ್ತಿದರೆ ಪುಟ ಬರುವುದಿಲ್ಲ. ಇದು ಬೇರೆ ರೋಗ. ‘404’ ಕಂಡರೆ ಪುಟ ಜಾಗ ಬದಲಿಸಿರಬಹುದು ಅಥವಾ ಅಳಿದಿರಬಹುದು. ವಿಳಾಸದ ಕೊನೆಯಿಂದ ಒಂದೊಂದೇ ಓರೆಗೆರೆಯವರೆಗೆ ಕತ್ತರಿಸುತ್ತಾ ಬನ್ನಿ, ಮುಖಪುಟ ಸಿಕ್ಕರೆ ಅಲ್ಲಿಂದ ಹುಡುಕಬಹುದು. ಅದೂ ಇಲ್ಲವೆಂದರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ವಿಳಾಸ ಹಾಕಿ ನೋಡಿ. 1996ರಿಂದ ಅದು ವೆಬ್ ಪುಟಗಳನ್ನು ಕೂಡಿಡುತ್ತಿದೆ. ಲಾಗಿನ್ ಆದ ಮೇಲಿನ ಪುಟವನ್ನು ಬುಕ್‌ಮಾರ್ಕ್ ಮಾಡಿದ್ದರೆ ಆ ವಿಳಾಸ ಕೆಲವೇ ನಿಮಿಷದಲ್ಲಿ ಸತ್ತಿರಬಹುದು. ಅಂಥ ಕಡೆ ಮುಖಪುಟವನ್ನೇ ಇಟ್ಟುಕೊಳ್ಳಿ. ಪುಟದ ಪುಟ್ಟ ಐಕಾನ್ ಮಾತ್ರ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಮ್ಮೆ ಪುಟ ತೆರೆದರೆ ಸಾಮಾನ್ಯವಾಗಿ ಬಂದುಬಿಡುತ್ತದೆ.

ಎಲ್ಲ ಸರಿಹೋದ ಮೇಲೆ ಮ್ಯಾನೇಜರ್‌ನಿಂದ ಒಂದು ಎಚ್‌ಟಿಎಂಎಲ್ ಫೈಲ್ ಎಕ್ಸ್‌ಪೋರ್ಟ್ ಮಾಡಿ, ಹೆಸರಿನಲ್ಲಿ ತಾರೀಖು ಹಾಕಿ ಪೆನ್‌ಡ್ರೈವ್‌ನಲ್ಲಿ ಇಡಿ. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲ ಸಾಲಿನಲ್ಲೇ ‘ನೆಟ್‌ಸ್ಕೇಪ್’ ಎಂಬ ಹೆಸರು ಕಾಣುತ್ತದೆ. ಆ ಬ್ರೌಸರ್ ಹೋಗಿ ವರ್ಷಗಳಾದವು, ಅದರ ಬುಕ್‌ಮಾರ್ಕ್ ಫೈಲಿನ ರೂಪ ಮಾತ್ರ ಇನ್ನೂ ಎಲ್ಲ ಕಡೆ ನಡೆಯುತ್ತಿದೆ. ಇಂಪೋರ್ಟ್ ಮಾಡುವಾಗ ಇರುವುದರ ಜೊತೆಗೇ ಸೇರಿಕೊಳ್ಳುವುದರಿಂದ ಕೆಲವು ಎರಡೆರಡು ಸಲ ಕಾಣಬಹುದು. ಹೆಚ್ಚಾಗಿದ್ದನ್ನು ಅಳಿಸಿದರಾಯಿತು.