ಹತ್ತನೇ ಕ್ಲಾಸಿನ ಆ ಪಾಠವನ್ನು ನಾನು ಮಾಡುವ ರೀತಿ

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠದಲ್ಲಿ ಹೂವಿನ ಪರಾಗಸ್ಪರ್ಶದವರೆಗೆ ಯಾರಿಗೂ ಕಷ್ಟವಿಲ್ಲ. ಮನುಷ್ಯರ ಭಾಗ ಬಂತು ಅಂದರೆ "ಮನೆಯಲ್ಲಿ ಓದ್ಕೊಳ್ಳಿ, ಪರೀಕ್ಷೆಗೆ ಚಿತ್ರ ಬರುತ್ತೆ" ಎಂದು ಹಾರಿಸಿಬಿಡುವವರೇ ಜಾಸ್ತಿ. ನಾನು ಆ ಭಾಗಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳುತ್ತೇನೆ. ಹುಡುಗರು, ಹುಡುಗಿಯರು ಒಟ್ಟಿಗೇ ಕೂರುತ್ತಾರೆ. ಹುಡುಗಿಯರನ್ನು ಬೇರೆ ಕೋಣೆಗೆ ಕರೆದುಕೊಂಡು ಹೋದರೆ ಹುಡುಗರಿಗೆ ಅದೇನೋ ಗುಟ್ಟು ಅನ್ನಿಸುತ್ತದೆ, ಆಮೇಲೆ ವರ್ಷವಿಡೀ ಕಿಸಿಕಿಸಿ ನಗು.

ಮೊದಲು ಚೀಟಿ ಹಂಚುತ್ತೇನೆ. ಹೆಸರು ಬೇಡ, ಆದರೆ ಎಲ್ಲರೂ ಬರೆಯಲೇಬೇಕು. ಕೇಳಲು ಏನೂ ಇಲ್ಲದವರು ಪುಸ್ತಕದ ಯಾವುದಾದರೂ ಒಂದು ಸಾಲನ್ನು ಬರೆದು ಕೊಡಬೇಕು. ಎಲ್ಲರ ಪೆನ್ನೂ ಓಡುತ್ತಿದ್ದರೆ ಯಾರು ಪ್ರಶ್ನೆ ಕೇಳಿದರು ಎಂದು ಪಕ್ಕದವರಿಗೂ ಗೊತ್ತಾಗುವುದಿಲ್ಲ. ಚೀಟಿ ಕೈಗೆ ಕೊಡುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. "ಯಾರಾದರೂ ನಿಮ್ಮ ಮೈ ಮುಟ್ಟಿ ತೊಂದರೆ ಕೊಡ್ತಿದ್ದರೆ ನನಗೆ ಹೇಳಿ. ಆದರೆ ಅದನ್ನು ನಾನು ಗುಟ್ಟಾಗಿ ಇಟ್ಟುಕೊಳ್ಳೋಕಾಗಲ್ಲ." ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳು ಬಾಯಿಬಿಟ್ಟ ಮೇಲೆ ಇದನ್ನು ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ. ಮಕ್ಕಳ ಸಹಾಯವಾಣಿ 1098 ಬೋರ್ಡಿನ ಮೂಲೆಯಲ್ಲಿ ಇದ್ದೇ ಇರುತ್ತದೆ.

ಹುಡುಗರ ಚೀಟಿಗಳಲ್ಲಿ ಪ್ರತಿವರ್ಷ ಬರುವುದು ನಿದ್ದೆಯಲ್ಲಿ ವೀರ್ಯ ಹೋಗುವ ವಿಷಯ. ಶಕ್ತಿ ಹೋಗುತ್ತಾ? ನರದೌರ್ಬಲ್ಯ ಬರುತ್ತಾ? ಬಸ್ ಸ್ಟ್ಯಾಂಡ್ ಗೋಡೆಯ ಜಾಹೀರಾತು ನೋಡಿ ಕಲಿತ ಭಯ ಇದು. ವೃಷಣಗಳು ದಿನವೂ ವೀರ್ಯಾಣು ತಯಾರಿಸುತ್ತಲೇ ಇರುತ್ತವೆ, ಹೊರಗೆ ಹೋದದ್ದರಿಂದ ಮೈಗೆ ಏನೂ ನಷ್ಟವಿಲ್ಲ ಎಂದು ನೇರವಾಗಿ ಹೇಳುತ್ತೇನೆ. ಹುಡುಗಿಯರು ಕೇಳುವುದು ಬಿಳಿ ಹೋಗುವುದು, ಹೊಟ್ಟೆನೋವು, ತಿಂಗಳು ತಪ್ಪುವುದು. ಸ್ವಲ್ಪ ಬಿಳಿ ಹೋಗುವುದು ಸಹಜ. ಕೆಟ್ಟ ವಾಸನೆ, ತುರಿಕೆ ಇದ್ದರೆ ತೋರಿಸಬೇಕು. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ದಿನಗಳು ಹಿಂದೆ ಮುಂದೆ ಆಗುತ್ತವೆ, ಗಾಬರಿ ಬೇಡ. 15 ತುಂಬಿದರೂ ಶುರುವಾಗದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹಾ ಕ್ಲಿನಿಕ್ ಇದೆ. ಅದು ಹುಡುಗರಿಗೂ ಇದೆ ಅಂದಾಗ ಅವರಿಗೆ ಆಶ್ಚರ್ಯ.

ಮುಜುಗರ ನಿಜವಾಗಿ ಕರಗುವುದು ಲೆಕ್ಕ ಶುರುವಾದಾಗ. ಅಂಡ ಯಾವಾಗ ಬಿಡುಗಡೆಯಾಗುತ್ತದೆ ಎಂದರೆ "14ನೇ ದಿನ ಮೇಡಂ" ಎಂಬ ಬಾಯಿಪಾಠದ ಉತ್ತರ ಬರುತ್ತದೆ. ನಾನು ಹಿಂದಿನಿಂದ ಎಣಿಸಲು ಹೇಳುತ್ತೇನೆ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಾಗಾದರೆ 28 ದಿನದ ಚಕ್ರಕ್ಕೆ 14ನೇ ದಿನ, 35 ದಿನದ್ದಕ್ಕೆ 21ನೇ ದಿನದ ಆಸುಪಾಸು. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೆ ಉಳಿಯಬಲ್ಲದು. ಈಗ ಗರ್ಭ ನಿಲ್ಲಬಹುದಾದ ದಿನಗಳಿಗೆ ಗುರುತು ಹಾಕಿ ಅನ್ನುತ್ತೇನೆ. ಹುಡುಗರೂ ಬೋರ್ಡಿಗೆ ಬಂದು ಹಾಕುತ್ತಾರೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ ಕೇಳೇ ಕೇಳುತ್ತಾರೆ: "ಮುಂದಿನ ಮುಟ್ಟು ಯಾವತ್ತು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ ಮೇಡಂ?" ಅದೇ ನನಗೆ ಬೇಕಾದದ್ದು. ಗರ್ಭ ನಿಲ್ಲುವುದಿಲ್ಲ ಎಂದು ಜನ ಲೆಕ್ಕ ಹಾಕುವ ಸೇಫ್ ದಿನಗಳನ್ನು ಯಾಕೆ ನಂಬಬಾರದು ಎಂದು ಬೇರೆ ಪಾಠ ಮಾಡಬೇಕಾಗಿಲ್ಲ.

ಗರ್ಭನಿರೋಧಕಗಳನ್ನು ಪಟ್ಟಿ ಮಾಡಿ ಕಲಿಸುವುದು ನನಗೆ ಸರಿಬರಲಿಲ್ಲ. ಮಕ್ಕಳು ಹೆಸರು ಉರು ಹೊಡೆಯುತ್ತಾರೆ, ಹೇಗೆ ಕೆಲಸ ಮಾಡುತ್ತವೆ ಗೊತ್ತಿರುವುದಿಲ್ಲ. ಅದಕ್ಕೆ ಬೋರ್ಡಿನಲ್ಲಿ ದೊಡ್ಡದಾಗಿ ವೀರ್ಯಾಣುವಿನ ದಾರಿ, ಅಂಡದ ದಾರಿ ಬರೆಯುತ್ತೇನೆ, ಊರಿನ ರಸ್ತೆ ನಕ್ಷೆ ಥರ. ಎಲ್ಲಿ ತಡೆ ಹಾಕಬಹುದು ಅಂತ ಅವರೇ ಹೇಳಬೇಕು. ಕಾಂಡೋಮ್ ಬಾಗಿಲಲ್ಲೇ ತಡೆಯುತ್ತದೆ. ಎಚ್‌ಐವಿಯಂಥ ಸೋಂಕಿನಿಂದಲೂ ಕಾಪಾಡುವುದು ಅದೊಂದೇ. ಅವರ ಮನೆಗಳಲ್ಲಿ ವಂಕಿ ಅನ್ನುವ ಕಾಪರ್-ಟಿ ಗರ್ಭಕೋಶದಲ್ಲಿ ಕೂರುತ್ತದೆ, ಅದರ ತಾಮ್ರ ವೀರ್ಯಾಣುವಿನ ಓಡಾಟವನ್ನೇ ಕೆಡಿಸುತ್ತದೆ. ಮಾಲಾ-ಎನ್ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಅಂಡ ಹೊರಬರದ ಹಾಗೆ ಮಾಡುತ್ತವೆ. ತುರ್ತು ಮಾತ್ರೆ ಬಗ್ಗೆ ಟಿವಿ ನೋಡಿ ಅರ್ಧಂಬರ್ಧ ತಿಳಿದಿರುತ್ತಾರೆ. ಲೈಂಗಿಕ ಸಂಪರ್ಕವಾದ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅದು ಅಂಡ ಬಿಡುಗಡೆಯನ್ನು ಮುಂದಕ್ಕೆ ಹಾಕುತ್ತದೆ ಅಷ್ಟೇ, ನಿಂತ ಗರ್ಭವನ್ನು ತೆಗೆಯುವುದಿಲ್ಲ.

"ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ ಮೇಡಂ" ಎಂದು ಪೋಷಕರ ಸಭೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಗರ್ಭನಿರೋಧ ಕ್ಲಿನಿಕ್ ತೆರೆಯಲು ಅಪ್ಪಣೆ ಕೊಟ್ಟಿತ್ತು ಎಂದು ನಾನು ಹೇಳುತ್ತೇನೆ. ಮಹಾರಾಜರ ಹೆಸರು ಬಂದರೆ ಜಗಳ ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧ ಪಠ್ಯಪುಸ್ತಕ ತೋರಿಸಿದರೆ ಮುಗಿಯುತ್ತದೆ.

ಮುಂದೆ ಮಕ್ಕಳಾಗದ ಹಾಗೆ ನಾಳವನ್ನೇ ಮುಚ್ಚುವ ಆಪರೇಷನ್ ವಿಷಯಕ್ಕೆ ಬಂದಾಗ ಕ್ಲಾಸ್ ಬಿಸಿಯೇರುತ್ತದೆ. ಗಂಡಸಿನ ವೀರ್ಯನಾಳ ಚರ್ಮದ ಕೆಳಗೇ ಇದೆ, ಹೊಲಿಗೆಯೇ ಬೇಡದ ವಿಧಾನವೂ ಇದೆ. ಹೆಂಗಸಿನ ಅಂಡನಾಳ ಹೊಟ್ಟೆಯೊಳಗಿದೆ. ಎರಡೂ ಚಿತ್ರ ಪಕ್ಕಪಕ್ಕ ಬರೆದು, ಯಾವುದು ಸುಲಭ ಎಂದು ಕೇಳುತ್ತೇನೆ. ಉತ್ತರ ತಕ್ಷಣ ಬರುತ್ತದೆ. ಹಾಗಿದ್ದರೆ ಕ್ಯಾಂಪಿನ ಸಾಲಿನಲ್ಲಿ ಬರೀ ಅಮ್ಮಂದಿರೇ ಯಾಕೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ನೂರಕ್ಕೆ ಒಂದೂ ಮುಟ್ಟುವುದಿಲ್ಲ. "ಅಪ್ಪ ಗಾಡಿ ಓಡಿಸಬೇಕಲ್ವಾ, ಭಾರ ಎತ್ತೋಕಾಗಲ್ಲ" ಎಂದು ಹುಡುಗರು ವಾದಿಸುತ್ತಾರೆ. "ನಮ್ಮಮ್ಮ ನೀರಿನ ಕೊಡ ಎತ್ತಲ್ವಾ?" ಎಂದು ಹುಡುಗಿಯರು ತಿರುಗಿ ಕೇಳುತ್ತಾರೆ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ. ಗಂಡಸರ ಆಪರೇಷನ್ ಆದ ಮೇಲೆ ಸುಮಾರು ಮೂರು ತಿಂಗಳು ಕಾಂಡೋಮ್ ಬೇಕು, ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಎಂದು ಖಾತ್ರಿಯಾಗಬೇಕು ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಕಿರುಪರೀಕ್ಷೆಯಲ್ಲಿ ಭಾಗಗಳನ್ನು ಗುರುತಿಸಿ ಎಂದು ನಾನು ಕೇಳುವುದಿಲ್ಲ. ಖಾಲಿ ಚಿತ್ರ ಕೊಟ್ಟು, ವಂಕಿ, ಮಾತ್ರೆ, ಕಾಂಡೋಮ್, ಆಪರೇಷನ್ ಒಂದೊಂದೂ ಎಲ್ಲಿ ತಡೆಯುತ್ತದೆ ಎಂದು ಗುರುತು ಹಾಕಲು ಹೇಳುತ್ತೇನೆ. ಉರು ಹೊಡೆದವರಿಗೆ ಅದರಲ್ಲಿ ಮಾರ್ಕ್ಸ್ ಬರುವುದಿಲ್ಲ.