ಪೋಖರಾಕ್ಕೆ ಹೋಗುವುದು ಹೇಗೆ, ಹೋಗಿ ಸುಮ್ನೆ ಕೂರುವುದು ಹೇಗೆ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಮೂರು ಮನೆಯವರು ನೇಪಾಳಕ್ಕೆ ಹೋಗಿ ಬಂದಿದ್ದಾರೆ. ಮೂರೂ ಮನೆಯವರದು ಒಂದೇ ಕಥೆ: ಪಶುಪತಿನಾಥ ಆಯ್ತು, ಮುಕ್ತಿನಾಥ ಆಯ್ತು, ನಡುವೆ ಪೋಖರಾದಲ್ಲಿ ಒಂದು ರಾತ್ರಿ ಮಲಗಿದ್ವಿ. ಮಲಗಿದ್ರಂತೆ! ಅಂಥಾ ಕೆರೆಯೂರಿಗೆ ಹೋಗಿ ಮಲಗಿ ಎದ್ದು ಬಂದವರಿಗೆ ಏನು ಹೇಳುವುದು? ಪೋಖರಾಕ್ಕೆ ಹೋಗುವುದಾದರೆ ಕನಿಷ್ಠ ನಾಲ್ಕು ದಿನ ಇಟ್ಟುಕೊಂಡು ಹೋಗಿ, ಅದರಲ್ಲಿ ಎರಡು ದಿನ ಏನೂ ಮಾಡಬೇಡಿ. ಹೇಗೆ ಅಂತ ಹೇಳ್ತೀನಿ.

ಮೊದಲು ತಿಂಗಳು ಗೊತ್ತು ಮಾಡಿ. ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ ಹೋದರೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಾರ್ಚ್, ಏಪ್ರಿಲ್ ಕೂಡ ಪರವಾಗಿಲ್ಲ, ಆದರೆ ಮಬ್ಬು ಜಾಸ್ತಿ, ಹಿಮದ ಬೆಟ್ಟ ಇಡೀ ದಿನ ಕಾಣದೇ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಬೇಡ. ಪೋಖರಾದಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ಮುಂಬೈಗಿಂತ ಜಾಸ್ತಿ. ಹತ್ತಿರದ ಲುಮ್ಲೆ ಎಂಬ ಊರಂತೂ 5,000 ಮಿ.ಮೀ. ದಾಟಿ ನೇಪಾಳದ ಆಗುಂಬೆ ಅನ್ನಿಸಿಕೊಳ್ಳುವಂಥದ್ದು. ನಮ್ಮ ನವರಾತ್ರಿಯ ಹೊತ್ತಿಗೇ ಅವರಿಗೆ ದಶೈಂ. ಅದು ಅಲ್ಲಿನ ದೊಡ್ಡ ಹಬ್ಬ, ಊರಿಗೆ ಊರೇ ತವರಿಗೆ ಹೊರಟಿರುತ್ತದೆ, ಬಸ್ಸಲ್ಲಿ ಸೀಟು ಸಿಗುವುದು ಕಷ್ಟ. ಅದು ಮುಗಿದ ಮೇಲೆ ಹೊರಡಿ.

ಆಮೇಲೆ ಕಾಗದಪತ್ರ. ಭಾರತೀಯರಿಗೆ ವೀಸಾ ಬೇಡ. ಹಾಗಂತ ಆಧಾರ್ ಕಾರ್ಡ್ ಹಿಡಿದು ಹೊರಟರೆ ನಮ್ಮ ಭಾವನ ಗತಿಯೇ ಆಗುತ್ತದೆ: ಬೆಳಗಿನ ಜಾವ ನಾಲ್ಕಕ್ಕೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅರ್ಧ ಗಂಟೆ ವಾದ ಮಾಡಿ, ಅಕ್ಕ ಕಟ್ಟಿಕೊಟ್ಟ ಚಪಾತಿ ಸಮೇತ ಆಟೋ ಹತ್ತಿ ಮನೆಗೆ ವಾಪಸ್. ವಿಮಾನಕ್ಕೆ ಪಾಸ್‌ಪೋರ್ಟ್ ಬೇಕು, ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ. ಎರಡೂ ಇದ್ದರೆ ಎರಡನ್ನೂ ಒಯ್ಯಿರಿ.

ದಾರಿ ಎರಡಿದೆ. ಮುಂಬೈನಿಂದ ಕಾಠ್ಮಂಡುವಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ 200 ಕಿ.ಮೀ. ಪಶ್ಚಿಮಕ್ಕೆ ಹೋಗುವುದು ಒಂದು. ಇನ್ನೂರೇ ಅಲ್ವಾ ಅನ್ನಬೇಡಿ, ಘಟ್ಟದ ರಸ್ತೆ, ಬಸ್ಸಿಗೆ ಎಂಟು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಸಣ್ಣ ವಿಮಾನದಲ್ಲಾದರೆ ಅರ್ಧ ಗಂಟೆ. ಹೋಗುವಾಗ ಬಲಗಡೆ ಕಿಟಕಿ ಕೇಳಿ, ಹಿಮಾಲಯ ಆ ಕಡೆಗೇ ಇರುವುದು.

ನನಗೆ ಇಷ್ಟವಾಗಿದ್ದು ಇನ್ನೊಂದು ದಾರಿ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಗೋರಖ್‌ಪುರಕ್ಕೆ ರೈಲಿದೆ. ಸುಮಾರು ಒಂದೂವರೆ ದಿನ, ತಡವಾದರೆ ಇನ್ನೂ ಜಾಸ್ತಿ. ಗೋರಖ್‌ಪುರದ್ದು 1,366 ಮೀಟರ್ ಉದ್ದದ ಪ್ಲಾಟ್‌ಫಾರಂ. ಜಗತ್ತಿಗೇ ಉದ್ದ ಅಂತ ಮೆರೆಯುತ್ತಿತ್ತು, 2023ರಲ್ಲಿ ನಮ್ಮ ಹುಬ್ಬಳ್ಳಿ 1,507 ಮೀಟರ್ ಕಟ್ಟಿ ಆ ಪಟ್ಟ ಕಿತ್ತುಕೊಂಡಿತು. ಇದನ್ನು ಅಲ್ಲಿನ ಹಮಾಲರಿಗೆ ಹೇಳಿದೆ, ಅಷ್ಟೇನೂ ಖುಷಿಪಡಲಿಲ್ಲ. ಅಲ್ಲಿಂದ ಗಡಿಯ ಸುನೌಲಿ ನೂರು ಕಿ.ಮೀ. ಒಳಗೆ, ಬಸ್ಸು, ಜೀಪು ಸಿಗುತ್ತವೆ. ಗಡಿಯನ್ನು ನಡೆದೇ ದಾಟಬಹುದು. ಆ ಕಡೆ ಭೈರಹವಾ, ಅಲ್ಲಿಂದ ಬುದ್ಧ ಹುಟ್ಟಿದ ಲುಂಬಿನಿ ಇಪ್ಪತ್ತು ಚಿಲ್ಲರೆ ಕಿ.ಮೀ. ಅಲ್ಲೊಂದು ರಾತ್ರಿ ಉಳಿದು, ಬೆಳಿಗ್ಗೆ ಭೈರಹವಾದಿಂದ ಪೋಖರಾ ಬಸ್ ಹಿಡಿಯಿರಿ. ತಾನ್ಸೆನ್, ಸ್ಯಾಂಗ್‌ಜಾ ಮೇಲೆ ಹೋಗುವ ಈ ದಾರಿಗೆ ಸಿದ್ಧಾರ್ಥ ರಾಜಮಾರ್ಗ ಅಂತ ಹೆಸರು. ಶಿರಾಡಿ ಘಟ್ಟದಲ್ಲಿ ಹೊಟ್ಟೆ ತೊಳೆಸುವವರು ಇಲ್ಲಿಗೆ ಮಾತ್ರೆ ಮತ್ತು ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿ ಎರಡೂ ತಗೊಂಡು ಬನ್ನಿ.

ಗಡಿ ದಾಟಿದ ಕೂಡಲೇ ಗಡಿಯಾರ 15 ನಿಮಿಷ ಮುಂದೆ ಮಾಡಿ. ಹಣದ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಈ ದರ ಬದಲಾಗಿಲ್ಲ, ಯಾರಾದರೂ 150 ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. ನೂರರ ನೋಟು ಸಾಕಷ್ಟಿರಲಿ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಒಮ್ಮೆ ವಿಚಾರಿಸಿ. ಹಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ, ಆದರೆ ಅದನ್ನೇ ನಂಬಿ ಹೋಗಬೇಡಿ.

ಊರು ತಲುಪಿದ ಮೇಲೆ ಕೆರೆಯ ಪಕ್ಕವೇ ರೂಮು ಹಿಡಿಯಿರಿ. ಆ ಭಾಗಕ್ಕೆ ಬೈದಾಮ್ ಅಂತ ಹೆಸರು, ಆದರೆ ಎಲ್ಲರೂ ಲೇಕ್‌ಸೈಡ್ ಅಂತಲೇ ಕರೆಯುತ್ತಾರೆ. ಬುಕಿಂಗ್ ಒಂದು ರಾತ್ರಿಗೆ ಮಾತ್ರ ಮಾಡಿ, ಉಳಿದದ್ದು ಕಣ್ಣಾರೆ ನೋಡಿ ಚೌಕಾಸಿ ಮಾಡಿದರೆ ಅಗ್ಗವಾಗುತ್ತದೆ. ಕೆರೆಯ ಹೆಸರು ಫೇವಾ ತಾಲ್, ನೇಪಾಳದ ಎರಡನೇ ದೊಡ್ಡ ಸರೋವರ. ಊರಿರುವುದು ಬರೀ 800 ಮೀಟರ್ ಎತ್ತರದಲ್ಲಿ, ಮಡಿಕೇರಿಗಿಂತ ಕೆಳಗೆ. ಅಲ್ಲಿಂದ ಮೂವತ್ತು ಕಿ.ಮೀ. ಒಳಗೇ 6,993 ಮೀಟರಿನ ಮಾಛಾಪುಚ್ಛ್ರೆ ಎದ್ದು ನಿಂತಿದೆ. ಹೆಸರಿನ ಅರ್ಥ ಮೀನಿನ ಬಾಲ. ಊರಿನಿಂದ ನೋಡಿದರೆ ಬಾಲವೂ ಇಲ್ಲ ಏನೂ ಇಲ್ಲ, ಒಂದೇ ಚೂಪು ತುದಿ. ಪಶ್ಚಿಮಕ್ಕೆ ಸರಿದಾಗಲೇ ತುದಿ ಎರಡಾಗಿ ಸೀಳುವುದು. 1957ರಲ್ಲಿ ಬ್ರಿಟಿಷ್ ತಂಡವೊಂದು ತುದಿಗೆ ಐವತ್ತು ಮೀಟರಿನಷ್ಟು ಇರುವಾಗ ಹಿಂದಿರುಗಿತು, ಆಮೇಲೆ ಆ ಬೆಟ್ಟ ಹತ್ತುವುದನ್ನೇ ನಿಷೇಧಿಸಿದರು.

ಇನ್ನು ಸುಮ್ನೆ ಕೂರುವ ವಿಧಾನ. ಬೆಳಿಗ್ಗೆ ಆರಕ್ಕೆ ಏಳಿ, ಗಾಳಿ ಏಳುವ ಮುಂಚೆ ಕೆರೆ ದಂಡೆಗೆ ಹೋಗಿ. ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ಕಾಣುವುದು ಆಗಲೇ. ಮೋಡ ಸಾಮಾನ್ಯವಾಗಿ ಹತ್ತು ಹನ್ನೊಂದರ ಹೊತ್ತಿಗೆ ಬಂದು ಮುಚ್ಚುತ್ತದೆ, ಆಮೇಲೆ ಬೆಟ್ಟಕ್ಕೆ ಕಾಯುವುದು ದಂಡ. ಚಹಾ ಕುಡಿಯಿರಿ, ದೋಣಿ ಹತ್ತಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ಫೋಟೋ ಚೆನ್ನಾಗಿ ಬರಲ್ಲ ಅಂತ ಬಿಚ್ಚಬೇಡಿ. ನಡುಗಡ್ಡೆಯಲ್ಲಿ ತಾಲ್ ಬಾರಾಹಿ ಗುಡಿ ಇದೆ, ಶನಿವಾರ ಅಲ್ಲಿ ವಾರದ ರಜೆ, ಭಾರೀ ಗದ್ದಲ, ಬೇರೆ ದಿನ ಹೋಗಿ. ಅದೇ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಕಾಡಿನ ದಾರಿಯಲ್ಲಿ ಒಂದು ಗಂಟೆ ಹತ್ತಿದರೆ ಶಾಂತಿ ಸ್ತೂಪ. ಮಂಡಿ ನೋವಿದ್ದವರಿಗೆ ಟ್ಯಾಕ್ಸಿ ಇದೆ. ಸೂರ್ಯೋದಯಕ್ಕೆ ಸಾರಂಗ್‌ಕೋಟ್ ಗುಡ್ಡ ಅಂತ ಎಲ್ಲರೂ ಎಬ್ಬಿಸುತ್ತಾರೆ. ಒಂದು ದಿನ ಹೋಗಿ ಬನ್ನಿ, ನಿಜಕ್ಕೂ ಚೆನ್ನಾಗಿದೆ. ಡೇವಿಸ್ ಫಾಲ್ಸ್ ಬಿಟ್ಟರೆ ನಷ್ಟವಿಲ್ಲ, ಜೋಗ ನೋಡಿದವರಿಗೆ ಅದೇನು ಮಹಾ?

ಊಟಕ್ಕೆ ಥಕಾಲಿ ಥಾಲಿ ಹೇಳಿ: ಅನ್ನ, ಬೇಳೆ, ತರಕಾರಿ, ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್. ಹುರುಳಿ ಕಟ್ಟಿನ ಸಾರು ತಿಂದು ಬೆಳೆದವರಿಗೆ ಗುಂದ್ರುಕ್ ಮೊದಲ ತುತ್ತಿಗೇ ಹಿಡಿಸುತ್ತದೆ. ಢಿಡೋ ಅಂತ ಕೇಳಿದರೆ ನಮ್ಮ ಮುದ್ದೆಯ ತಮ್ಮನೇ ಬರುತ್ತಾನೆ. ಮೊಮೊ ತಿನ್ನುವ ಮುಂಚೆ ವೆಜ್ ಅಂತ ಎರಡು ಸಲ ಹೇಳಿ, ಬಫ್ ಅಂದರೆ ಎಮ್ಮೆ ಮಾಂಸ. ಅನ್ನ, ಬೇಳೆ ಖಾಲಿಯಾದ ಹಾಗೆ ಬಡಿಸುತ್ತಲೇ ಇರುತ್ತಾರೆ. ಸಾಕು ಅನ್ನಲು ‘ಪುಗ್ಯೋ’ ಅನ್ನಬೇಕು. ಇದನ್ನು ನನಗೆ ಕಲಿಸಿದ್ದು ನಮ್ಮ ಸೊಸೈಟಿಯ ವಾಚ್‌ಮನ್, ಅವನ ಊರು ಅದೇ ಸ್ಯಾಂಗ್‌ಜಾ ಕಡೆ. ವಾಪಸ್ ಬಂದ ದಿನ ಗೇಟಿನಲ್ಲೇ ನಿಲ್ಲಿಸಿ ಕೇಳಿದ, ‘ದೀದಿ, ಬೆಟ್ಟ ಕಂಡಿತಾ?’ ನಾಲ್ಕು ದಿನದಲ್ಲಿ ಮೂರು ಬೆಳಿಗ್ಗೆ ಕಂಡಿತು ಅಂದೆ.