ಬಾಯ್ ಮೇಲ್ಮೈ ಕೊನೆಗೂ ಬೋರ್ಡಿಗೆ ಬಂತು

ಹೋದ ವಾರ ಕೊಪ್ಪಳದ ನಮ್ಮ ಕಾಲೇಜಿನಲ್ಲಿ ಒಂದೇ ಪೀರಿಯಡ್ಡಿನಲ್ಲಿ ಗಣಿತದ ಬಾಯ್ ಮೇಲ್ಮೈಯನ್ನು (ತನ್ನನ್ನು ತಾನೇ ದಾಟುವ, ಒಳಗು-ಹೊರಗು ಎಂಬ ಭೇದವಿಲ್ಲದ ಆಕಾರ) ಬೋರ್ಡಿನ ಮೇಲೆ ಬಿಡಿಸಿದೆ. ಬರೀ ಸೀಮೆಸುಣ್ಣ. ಹಿರಿಯ ಸಹೋದ್ಯೋಗಿಯೊಬ್ಬರು ಎದ್ದು ಬಂದು ಒಂದೊಂದೇ ಗೆರೆ ನೋಡಿದರು. "ಪ್ರೊಜೆಕ್ಟರ್ ಐತಲ್ರೀ ಸರ, ಕೈಯಾಗ ಯಾಕ ಒದ್ದಾಡ್ತೀರಿ?" ಎಂದು ಎರಡು ವರ್ಷದಿಂದ ಕೇಳುತ್ತಿದ್ದವರು ಅವರೇ.

ಮೊದಲ ವರ್ಷ ಪೂರ್ತಿ ಹಾಳು. ಮೇಲ್ಮೈಯ ಉದ್ದಕ್ಕೂ ಅಡ್ಡಕ್ಕೂ ಹೋಗುವ ಯು-ವಿ ಗೆರೆಗಳ ಬಲೆ ಹಾಕಿ ಬಿಡಿಸುತ್ತಿದ್ದೆ. ಕೊನೆಗೆ ಕಾಣುತ್ತಿದ್ದದ್ದು ನೂಲಿನ ಉಂಡೆ. ಡ್ರಾಯಿಂಗ್ ಪೆನ್ನುಗಳಿಗೆ ಸುಮಾರು 2,500 ರೂಪಾಯಿ ಹೋಯಿತು. ನಮ್ಮ ಬೇಸಿಗೆಗೆ ಇಂಕು ಒಣಗಿ ಅವೂ ಕೆಟ್ಟವು. ಈಗ ಪೆನ್ಸಿಲ್, ಬಣ್ಣದ ಸೀಮೆಸುಣ್ಣ ಸೇರಿ ತಿಂಗಳಿಗೆ 70-80 ರೂಪಾಯಿ, ಅಷ್ಟೇ.

ದಾರಿ ತೋರಿಸಿದ್ದು ಉದ್ದಿನ ವಡೆ. ತಟ್ಟೆಯಲ್ಲಿದ್ದ ವಡೆಯನ್ನು ಓರೆಯಾಗಿ ನೋಡಿದೆ. ತೂತಿನ ಈಚೆ ಅಂಚಿನ ಗೆರೆ ಎರಡೂ ತುದಿಯಲ್ಲಿ ಸುಮ್ನೆ ನಿಂತುಬಿಡುತ್ತದೆ, ಎಲ್ಲೂ ಹೋಗಿ ಸೇರುವುದಿಲ್ಲ. ಗಣಿತದಲ್ಲಿ ಕಸ್ಪ್ ಅನ್ನುವುದು ಅದೇ ಅಲ್ವಾ! ನುಣುಪಾದ ಮೇಲ್ಮೈಯ ಅಂಚುಗೆರೆಯಲ್ಲಿ ಸಾಮಾನ್ಯವಾಗಿ ಸಿಗುವುದು ಫೋಲ್ಡ್ (ಮೇಲ್ಮೈ ಕಣ್ಣಿಂದ ಆಚೆಗೆ ತಿರುಗುವ ಅಂಚು) ಮತ್ತು ಕಸ್ಪ್ ಎರಡೇ ಎಂದು 1955ರಲ್ಲಿ ಗಣಿತಜ್ಞ ವಿಟ್ನಿ ತೋರಿಸಿದ್ದು ಗಣಿತದವರಿಗೆಲ್ಲ ಗೊತ್ತು. ನನ್ನ ಕೈಗೆ ಅದು ಗೊತ್ತಾಗಿದ್ದು ಅಂದೇ. ಅವತ್ತಿನಿಂದ ಬಲೆ ಬಿಟ್ಟೆ. ಮೊದಲು ಫೋಲ್ಡ್, ಆಮೇಲೆ ಗೆರೆ ಎಲ್ಲಿ ನಿಲ್ಲಬೇಕೋ ಆ ಜಾಗ.

ಕ್ಲೈನ್ ಬಾಟಲ್ ಎಂಬ ಇನ್ನೊಂದು ಮೇಲ್ಮೈ ಒಂದೇ ಸಂಜೆಗೆ ಬಂತು. ಗಿಂಡಿಯ ಮೂತಿ ಬಾಗಿ ತನ್ನದೇ ಹೊಟ್ಟೆಗೆ ನುಗ್ಗಿ, ಒಳಗಿಂದ ತಳಕ್ಕೆ ಕೂಡಿದ ಹಾಗೆ.

ಬಾಯ್ ಮೇಲ್ಮೈ ಮಾತ್ರ ನಾಲ್ಕು ತಿಂಗಳು ಕಾಡಿತು. ಒಂದು 80 ಹಾಳೆ ಹರಿದಿರಬೇಕು. ಹೊರಗಿನಿಂದ ಶುರುಮಾಡಿದಾಗಲೆಲ್ಲ ಎಲ್ಲೋ ಒಂದು ಪಿಂಚ್ ಪಾಯಿಂಟ್ (ಮೇಲ್ಮೈ ಚಿವುಟಿದಂತಾಗುವ ಬಿಂದು) ಉಳಿಯುತ್ತಿತ್ತು. ಇದರಲ್ಲಿ ಅದು ಇರಲೇಬಾರದು. ಅಂಥ ಬಿಂದುವಿಲ್ಲದೆ ಇಂಥ ಮೇಲ್ಮೈ ಆಗದು ಎಂದು ಸಾಧಿಸಲು ಗಣಿತಜ್ಞ ಹಿಲ್ಬರ್ಟ್ ಹೇಳಿದ್ದರು, ಶಿಷ್ಯ ವರ್ನರ್ ಬಾಯ್ 1901ರಲ್ಲಿ ಮಾಡಿಯೇ ತೋರಿಸಿದ. ಅದನ್ನು ನೆನೆದು ಮತ್ತೆ ಕೂರುತ್ತಿದ್ದೆ. ಕೊನೆಗೆ ನಡುವಿನಿಂದ ಹೊರಟೆ. ಮೂರು ಪದರ ಒಂದನ್ನೊಂದು ದಾಟುವ ಆ ಒಂದೇ ಬಿಂದು, ಅಲ್ಲಿಂದ ಹೊರಟು ಅಲ್ಲಿಗೇ ಮರಳುವ ಮೂರು ಎಸಳು. ಮೇಲ್ಮೈಯನ್ನು ಅದರ ಮೇಲೆ ಹೊದಿಸಿದೆ. ಯಾವ ಕೋನದಿಂದ ನೋಡಿದರೆ ಕಸ್ಪ್‌ಗಳು ಕಡಿಮೆ ಬೀಳುತ್ತವೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ನಾಲ್ಕು ತಿಂಗಳ ದುಡಿಮೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಪಂಕ್ಚರ್ ಅಂಗಡಿಯಿಂದ ಹಳೆ ಸೈಕಲ್ ಟ್ಯೂಬ್ ತಂದು, ತೂತು ಮಾಡಿ ಒಳಗು ಹೊರಗು ಮಾಡಲು ಹೋದೆ. ರಬ್ಬರ್ ಹರಿಯಿತು. ಹಳೆ ಬಟ್ಟೆಯಲ್ಲಿ ಹೊಲಿಸಿದ ಟೋರಸ್, ಅಂದರೆ ಟ್ಯೂಬಿನದೇ ಆಕಾರ, ಸಲೀಸಾಗಿ ತಿರುಗಿತು. ಹೊಲಿಗೆಗೆ 40 ರೂಪಾಯಿ. ಕೊಳವೆಯ ಸುತ್ತ ಎಳೆದಿದ್ದ ಕೆಂಪು ಗೆರೆ ತಿರುಗಿಸಿದ ಮೇಲೆ ನಡುವಿನ ತೂತಿನ ಸುತ್ತ ಉದ್ದಕ್ಕೆ ಬಂದಿತ್ತು! ಹುಡುಗರು ಅದನ್ನು ನನ್ನ ಕೈಯಿಂದ ಕಸಿದುಕೊಂಡು ತಾವೇ ತಿರುಗಿಸಿದರು.

ಈಗ ಗೋಲವನ್ನು ಹರಿಯದೆ, ತನ್ನ ಮೂಲಕವೇ ದಾಟಿಸಿ ಒಳಗು ಹೊರಗು ಮಾಡುವ ಚಿತ್ರಗಳಿಗೆ ಕೈ ಹಾಕಿದ್ದೇನೆ. ಆ ಹಾದಿಯ ನಡುಘಟ್ಟದಲ್ಲಿ ಬರುವ ಮೊರಾಂ ಮೇಲ್ಮೈಯಲ್ಲಿ ಒಂದು ಬಿಂದುವಿನಲ್ಲಿ ಸೇರುವುದು ಮೂರಲ್ಲ, ನಾಲ್ಕು ಪದರ. ಇಲ್ಲಿಯವರೆಗೆ 20 ಹಾಳೆ ಹೋಗಿವೆ.